ಪುರಾವೆ ಅಳಿಯುವುದು ಊರಲ್ಲೇ

ಆಂಧ್ರದ ಪೆದ್ದಕಡುಬೂರು ಕಡೆಯ ಹೊಲಗಳಲ್ಲಿ ಬೋರ್‌ವೆಲ್ ಮೋಟಾರಿಗೂ ಈಗ ಸಿಮ್ ಕಾರ್ಡ್ ಬಂದಿದೆ. ಕೆಲವು ಮೊಬೈಲ್ ಸ್ಟಾರ್ಟರ್‌ಗಳು ಕರೆಂಟ್ ಹೋದ ಕೂಡಲೇ ರೈತನಿಗೆ ಮೆಸೇಜ್ ಕಳಿಸುತ್ತವೆ. ತಾಮ್ರದ ಕೇಬಲ್ ಕದಿಯಲು ಬಂದವರು ಫ್ಯೂಸ್ ಕಿತ್ತ ಹೊತ್ತು ಆ ಮೆಸೇಜಿನಲ್ಲಿ ಉಳಿದಿರುತ್ತದೆ. ಆದೋನಿ ಕೋರ್ಟಿನಲ್ಲಿ ವಕೀಲಿ ಮಾಡುವ ನಾನು ನೋಡಿದ ಹಾಗೆ, ಅದನ್ನು ದೂರಿನಲ್ಲಿ ಬರೆಸುವವರೇ ಕಡಿಮೆ.

ಸಿಸಿಟಿವಿ ಕ್ಯಾಮೆರಾಗಳ ಪಾಡೂ ಅಷ್ಟೇ. ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ನ ಹಾರ್ಡ್ ಡಿಸ್ಕ್ ತುಂಬಿದರೆ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ. ಸಣ್ಣ ಅಂಗಡಿಗಳಲ್ಲಿ ಇದಕ್ಕೆ ಕೆಲವೇ ವಾರ ಸಾಕು. ಒಳಗಿನ ಪುಟ್ಟ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರವೂ ತಪ್ಪುತ್ತದೆ. ಇಷ್ಟಾದ ಮೇಲೆ ಟಿವಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ವಾಟ್ಸ್‌ಆ್ಯಪಿನಲ್ಲಿ ಕಳಿಸಿ, ಅದನ್ನೇ ಪುರಾವೆ ಎನ್ನುತ್ತಾರೆ.

2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗ ತನಿಖೆಯವರು ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಜಾಡು ಹಿಡಿದು ನಮ್ಮ ನೆರೆಯ ಬಳ್ಳಾರಿ ಬಸ್ ನಿಲ್ದಾಣದವರೆಗೂ ಬಂದರು. ಏಪ್ರಿಲ್ 12ರಂದು ಕೇಂದ್ರದ ತನಿಖಾ ಸಂಸ್ಥೆ ಎನ್‌ಐಎ ಪಶ್ಚಿಮ ಬಂಗಾಳದಲ್ಲಿ ಇಬ್ಬರನ್ನು ಬಂಧಿಸಿತು. ದೊಡ್ಡ ಪ್ರಕರಣಕ್ಕೆ ದೊಡ್ಡ ಸಂಸ್ಥೆ ಬರುತ್ತದೆ. ರೈತನ ಕೇಬಲ್‌ಗೆ ಯಾರು ಬರುತ್ತಾರೆ?

ಹೊಸ ನಾಗರಿಕ ಸುರಕ್ಷಾ ಸಂಹಿತೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಎನ್ನುವುದು ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಸಾಮಾನ್ಯ ಕಳ್ಳತನಕ್ಕೆ ಮೂರು ವರ್ಷದವರೆಗಷ್ಟೇ ಶಿಕ್ಷೆ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲ್ಲರಿಗೂ ಒಂದೇ: ಡಿಜಿಟಲ್ ಪುರಾವೆಯ ಜೊತೆ ಕೊಡುವ ಸರ್ಟಿಫಿಕೇಟಿಗೆ ಉಪಕರಣ ನೋಡಿಕೊಳ್ಳುವವರೂ ಪರಿಣತರೂ ಸಹಿ ಹಾಕಬೇಕು, ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲಿನ ಹೆಬ್ಬೆಟ್ಟಿನ ಗುರುತು. ಒಳಗೆ ಒಂದು ಅಕ್ಷರ ತಿದ್ದಿದರೂ ಬೇರೆಯಾಗುತ್ತದೆ.

ಆದ್ದರಿಂದ ಪ್ರತಿ ಮಂಡಲದ ಠಾಣೆಯಲ್ಲೂ ಡಿಸ್ಕಿನ ನಕಲು ತೆಗೆದು ಹ್ಯಾಶ್ ದಾಖಲಿಸಬಲ್ಲ, ತರಬೇತಿ ಪಡೆದ ಒಬ್ಬ ಕಾನ್‌ಸ್ಟೇಬಲ್ ಇರಲೇಬೇಕು. ಅದಕ್ಕೆ ಬೇಕಾದ ಲ್ಯಾಪ್‌ಟಾಪು, ಸಾಧನಗಳನ್ನು ಸರ್ಕಾರ ಕೊಡಬೇಕು. ಪ್ರಯೋಗಾಲಯ ಎಷ್ಟೇ ದೊಡ್ಡದಿರಲಿ, ಊರಲ್ಲೇ ಅಳಿದುಹೋದದ್ದನ್ನು ಅಲ್ಲಿ ಮರಳಿ ಪಡೆಯುವ ಖಾತ್ರಿಯಿಲ್ಲ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಕಳವಾದ ದಿನವೇ ಡಿವಿಆರ್ ತೋರಿಸುವ ಸಮಯವನ್ನೂ ನಿಜವಾದ ಸಮಯವನ್ನೂ ಬರೆದಿಟ್ಟು, ಆಮೇಲೆ ಅದನ್ನು ಆಫ್ ಮಾಡಿಸಿ, ಸ್ಟಾರ್ಟರಿನ ಮೆಸೇಜ್ ಅಳಿಸಬೇಡಿ, ಎಲ್ಲವನ್ನೂ ದೂರಿನಲ್ಲೇ ಸೇರಿಸಿ.