ಗಣಿ ಪುನಶ್ಚೇತನ: ಹಣ ಗುಡ್ಡವನ್ನು ತಲುಪೀತೇ?

ಚಿತ್ರದುರ್ಗ ಜಿಲ್ಲೆಯ ಕಬ್ಬಿಣದ ಅದಿರಿನ ಗುಡ್ಡಗಳಲ್ಲಿ ಯಂತ್ರಗಳ ಸದ್ದು ಅಡಗಿದ್ದು 2011ರ ಆಗಸ್ಟ್‌ನಲ್ಲಿ. ಅದಕ್ಕೂ ಒಂದು ತಿಂಗಳ ಮೊದಲು ಬಳ್ಳಾರಿಗೆ ವಿಧಿಸಿದ್ದ ಗಣಿಗಾರಿಕೆ ನಿಷೇಧವನ್ನು ಸುಪ್ರೀಂ ಕೋರ್ಟ್ ಆಗ ಚಿತ್ರದುರ್ಗ ಹಾಗೂ ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಈ ಮೊಕದ್ದಮೆಯಲ್ಲಿ 2013ರ ಏಪ್ರಿಲ್ 18ರಂದು ತೀರ್ಪು ಹೊರಬಿತ್ತು. ಗಂಭೀರ ಅಕ್ರಮ ಎಸಗಿದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ‘ಎ’ ಮತ್ತು ‘ಬಿ’ ವರ್ಗದವರಿಗೆ ಪುನಶ್ಚೇತನ ಯೋಜನೆಯ ಷರತ್ತಿನೊಂದಿಗೆ ಅವಕಾಶ ದೊರೆಯಿತು.

ಅದಿರು ಮಾರಾಟದ ಹಣದಲ್ಲಿ ಒಂದು ಪಾಲನ್ನು ಗಣಿಬಾಧಿತ ಪ್ರದೇಶಕ್ಕೆಂದೇ ಮೀಸಲಿಡಲಾಯಿತು. ಅದನ್ನು ವಿನಿಯೋಗಿಸಲು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. 2022ರ ಅಕ್ಟೋಬರ್‌ನಲ್ಲಿ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗಾಗಿ ಸುಮಾರು 24,996 ಕೋಟಿ ರೂಪಾಯಿಯ ಯೋಜನೆಗೆ ನ್ಯಾಯಾಲಯ ಸಮ್ಮತಿಸಿ, ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲ್ವಿಚಾರಣೆಗೆ ನೇಮಿಸಿತು. ಪರಿಸರದ ಹೆಸರಿನಲ್ಲಿ ಬಯಲುಸೀಮೆಗೆ ಇಷ್ಟು ದೊಡ್ಡ ಮೊತ್ತ ಹಿಂದೆಂದೂ ಒದಗಿರಲಿಲ್ಲ.

ಆದರೆ ಈ ಯೋಜನೆಯೊಳಗೆ ರಸ್ತೆ, ರೈಲು ಸಂಪರ್ಕ, ಆಸ್ಪತ್ರೆ, ಶಾಲೆ, ವಸತಿಗಳೂ ಸೇರಿವೆ. ದೂಳು ಕುಡಿದ ಹಳ್ಳಿಗೆ ಆಸ್ಪತ್ರೆ ಬೇಡವೆನ್ನುವವರು ಯಾರೂ ಇಲ್ಲ. ಆದರೂ ರಸ್ತೆ, ಶಾಲೆಗಳು ಸರ್ಕಾರದ ಬಜೆಟ್ಟಿನಿಂದಲೇ ಬರಬೇಕಾದವು. ಕಾಮಗಾರಿಗೆ ಗುತ್ತಿಗೆದಾರರು ಸುಲಭವಾಗಿ ಸಿಗುತ್ತಾರೆ. ಹುಲ್ಲುಗಾವಲಿನ ಪರವಾಗಿ ಟೆಂಡರು ಹಾಕುವವರು ವಿರಳ. ಅಪಾಯ ಇರುವುದು ಅಲ್ಲಿಯೇ.

ಗುತ್ತಿಗೆ ಪ್ರದೇಶದ ಒಳಗಿನ ಕೆಲಸ ತಕ್ಕಮಟ್ಟಿಗೆ ಸ್ಪಷ್ಟವಾಗಿದೆ: ತ್ಯಾಜ್ಯ ಮಣ್ಣಿನ ರಾಶಿಯ ಬುಡಕ್ಕೆ ತಡೆಗೋಡೆ, ಇಳಿಜಾರಿಗೆ ನಾರಿನ ಹೊದಿಕೆ, ಹಳ್ಳಕ್ಕೆ ತಡೆ ಅಣೆ. ಕಷ್ಟವಿರುವುದು ಗುತ್ತಿಗೆಯ ಗಡಿಯಾಚೆ. ಭೀಮಸಮುದ್ರದ ಅಡಿಕೆ ತೋಟಗಳ ಮೇಲೆ ಅದಿರು ಲಾರಿಗಳ ಕೆಂಪು ದೂಳು ಕೂರುತ್ತದೆಂಬುದು ಹಳೆಯ ದೂರು. ಹೊಸದುರ್ಗ ತಾಲ್ಲೂಕನ್ನು ಹಾದು ಬರುವ ವೇದಾವತಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಸೇರುತ್ತದೆ. 1933ರ ಬಳಿಕ 2022ರಲ್ಲಿ ಆ ಜಲಾಶಯ ಕೋಡಿ ಬಿದ್ದಾಗ ಇಡೀ ಜಿಲ್ಲೆ ಸಂಭ್ರಮಿಸಿತು. ಬೋಳು ಗುಡ್ಡದಿಂದ ನೀರಿನೊಡನೆ ಮಣ್ಣೂ ಇಳಿಯುತ್ತದೆ ಎಂಬ ಮಾತಿಗೆ ಆ ಸಂಭ್ರಮದಲ್ಲಿ ಎಡೆಯಿರಲಿಲ್ಲ.

ಹಸಿರು ಎಂದರೆ ಯಾವ ಹಸಿರು ಎಂಬುದೂ ಇತ್ಯರ್ಥವಾಗಬೇಕು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆ ವಿಶ್ವಬ್ಯಾಂಕ್ ನೆರವಿನಿಂದ ಬಂದು ಬಯಲುಸೀಮೆಗೆ ನೀಲಗಿರಿಯನ್ನು ಹಬ್ಬಿಸಿತು. 1983ರಲ್ಲಿ ನೆರೆಯ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ನರ್ಸರಿಗೆ ನುಗ್ಗಿ ಅದರ ಸಸಿಗಳನ್ನು ಕಿತ್ತೆಸೆದಿದ್ದರು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಲು 2017ರವರೆಗೆ ಕಾಯಬೇಕಾಯಿತು. ಮಳೆ ಕಡಿಮೆಯಿರುವ ಈ ನಾಡಿನ ಸಹಜ ಕಾಡು ಎತ್ತರದ ಮರಗಳ ದಟ್ಟಣೆಯಲ್ಲ. ಕಮರ, ಜಾಲಿ, ಸೀತಾಫಲ, ಕಾರೆ, ಬಂದರೆ, ತಂಗಡಿಗಳ ಕುರುಚಲು ಮತ್ತು ನಡುನಡುವೆ ಹುಲ್ಲು. ಕಡತದಲ್ಲಿ ಇದಕ್ಕೆ ‘ಕ್ಷೀಣಿಸಿದ ಅರಣ್ಯ’ ಎಂಬ ಹಣೆಪಟ್ಟಿ ಬೀಳುವುದುಂಟು. 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಜೋಗಿಮಟ್ಟಿಯಲ್ಲಿ ಕರಡಿ, ಚಿರತೆ, ಕೊಂಡುಕುರಿಗಳು ಬದುಕಿರುವುದು ಇಂಥ ಕಾಡಿನ ಆಸರೆಯಲ್ಲೇ. ಹುಲ್ಲು ನೆಲದಲ್ಲಿ ಗುಂಡಿ ತೋಡಿ ಸಾಲುಮರ ನೆಟ್ಟರೆ ಮೇವೂ ಹೋಗುತ್ತದೆ, ಮೃಗವೂ ಹೋಗುತ್ತದೆ.

ಕುರಿ ಸಾಕಿ ಬದುಕುವವರ ಪಾಲಿಗೆ ಇದು ಜೀವನದ ಪ್ರಶ್ನೆ. ಮದಕರಿಪುರದ ಆಸುಪಾಸಿನಿಂದ ಹೊಳಲ್ಕೆರೆಯವರೆಗೂ ಒಣಬೇಸಾಯದ ಬೆಳೆ ಕೈಕೊಟ್ಟ ವರ್ಷ ಕುಟುಂಬ ಕಾಯುವುದು ಕುರಿ ಮೇಕೆಗಳೇ. ಗುಡ್ಡಕ್ಕೆ ತಂತಿಬೇಲಿ ಬಿಗಿದು ಕುರಿಗಾರರನ್ನು ಹೊರಗಿಟ್ಟರೆ ಅವರು ನೆಡುತೋಪಿನ ವೈರಿಗಳಾಗುತ್ತಾರೆ. ಬದಲಿಗೆ ಒಂದು ಪಾಲನ್ನು ಮೂರು ನಾಲ್ಕು ವರ್ಷ ಮುಚ್ಚಿಟ್ಟು, ಅಲ್ಲಿ ಹುಲ್ಲು ಕೊಯ್ದು ಒಯ್ಯಲು ಬಿಟ್ಟು, ಉಳಿದ ಪಾಲಿನಲ್ಲಿ ಮೇಯಿಸುವ ಸರದಿ ಪದ್ಧತಿಯನ್ನು ಊರವರೇ ನಿರ್ಧರಿಸುವಂತಾಗಬೇಕು. 1993ರಿಂದಲೂ ರಾಜ್ಯದಲ್ಲಿ ಗ್ರಾಮ ಅರಣ್ಯ ಸಮಿತಿಗಳ ವ್ಯವಸ್ಥೆಯಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯದ ಮೇವಿನ ಹಕ್ಕನ್ನೂ ಮಾನ್ಯ ಮಾಡುತ್ತದೆ. ನಿಗಮದ ಹಣಕ್ಕೂ ಈ ಎರಡಕ್ಕೂ ಕೊಂಡಿ ಬೆಸೆಯಬೇಕಾದದ್ದು ಸರ್ಕಾರದ ಹೊಣೆ.

ಪ್ರಗತಿ ವರದಿಗಳಲ್ಲಿ ನೆಟ್ಟ ಸಸಿಗಳ ಲೆಕ್ಕವೇನೋ ಸಿಗುತ್ತದೆ. ಮೂರನೇ ಬೇಸಿಗೆ ದಾಟಿ ಉಳಿದವೆಷ್ಟು, ಕೆರೆಗೆ ಬಂದ ಹೂಳು ಎಷ್ಟು ತಗ್ಗಿತು, ಮೇವಿನ ಇಳುವರಿ ಏನಾಯಿತು ಎಂಬ ಲೆಕ್ಕವನ್ನು ಪ್ರತಿವರ್ಷ ಆಯಾ ಗ್ರಾಮಸಭೆಯ ಮುಂದಿಟ್ಟು, ಆ ನಂತರವೇ ಮುಂದಿನ ಕಂತು ಬಿಡುಗಡೆ ಮಾಡುವ ನಿಯಮ ತರಲು ಹೊಸ ಕಾನೂನೇನೂ ಬೇಕಿಲ್ಲ.