ಪರದೇಶದಲ್ಲಿ ಪರಾನ್ನ

ಈ ಪತ್ರಿಕೆಯ ವಾಚಕರಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿ ನೆಲಸಿರುವರು. ತಂದೆತಾಯಿಗಳು ಮೂರು ತಿಂಗಳೋ ಆರು ತಿಂಗಳೋ ಅಲ್ಲಿಗೆ ಹೋಗಿ ಬರುವುದು ಈಗ ವಾಡಿಕೆಯಾಗಿದೆ. ಹಾಗೆ ಹೊರಟವರು ನಮ್ಮನ್ನು ಮೊದಲು ಕೇಳುವ ಪ್ರಶ್ನೆಯೆಂದರೆ, “ಮನೆಯಿಂದ ಹೊರಬಿದ್ದರೆ ಊಟಕ್ಕೇನು ಗತಿ?” ಎಂಬುದು. ಇದಕ್ಕೆ ಉತ್ತರವಾಗಿ ನಾವು ಕಣ್ಣಾರೆ ಕಂಡ ಒಂದು ಊರಿನ ವಿಚಾರವನ್ನು ಈ ತಿಂಗಳು ಅರಿಕೆಮಾಡುವೆವು.

ಆ ಊರಿನ ಹೆಸರು ಡಿಯರ್‌ಬಾರ್ನ್. ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಮಹಾನಗರಕ್ಕೆ ಪಶ್ಚಿಮದಲ್ಲಿ ಅಂಟಿಕೊಂಡಿರುವ ಉಪನಗರವಿದು. ಮೋಟಾರು ಗಾಡಿಯನ್ನು ಜನಸಾಮಾನ್ಯರ ಕೈಗೆಟುಕುವಂತೆ ಮಾಡಿದ ಹೆನ್ರಿ ಫೋರ್ಡ್ 1863ರಲ್ಲಿ ಹುಟ್ಟಿದ್ದು ಈ ಸೀಮೆಯಲ್ಲಿಯೇ. ಅವನು ಕಟ್ಟಿದ ಕಂಪೆನಿಯ ಮುಖ್ಯ ಕಚೇರಿಯೂ ಇಲ್ಲಿಯೇ ಇರುವುದು. 1914ರಲ್ಲಿ ಫೋರ್ಡ್ ತನ್ನ ಕೆಲಸಗಾರರಿಗೆ ದಿನಕ್ಕೆ ಐದು ಡಾಲರ್ ಸಂಬಳವೆಂದು ಸಾರಿದನು. ಆ ವಾರ್ತೆಯು ಸಮುದ್ರಗಳನ್ನು ದಾಟಿತು. ಲೆಬನಾನ್, ಸಿರಿಯ, ಯೆಮನ್ ಮೊದಲಾದ ನಾಡುಗಳಿಂದ ಬಂದವರು ಕಾರ್ಖಾನೆಗಳಲ್ಲಿ ಸೇರಿದರು. ರೂಜ್ ನದಿಯ ದಂಡೆಯಲ್ಲಿ 1917ರಿಂದ ಮಹಾಕಾರ್ಖಾನೆಯು ಏಳತೊಡಗಲು, ಅದರ ಮಗ್ಗುಲಲ್ಲಿಯೇ ಮನೆಮಾಡಿದರು. 1975ರಲ್ಲಿ ಲೆಬನಾನಿನಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಾಗ ಮತ್ತಷ್ಟು ಮಂದಿ ನೆಂಟರಿಷ್ಟರನ್ನು ಅರಸಿ ಬಂದರು. 2020ರ ಜನಗಣತಿಯಂತೆ ಊರಿನ ಜನಸಂಖ್ಯೆ ಸುಮಾರು 1,10,000. ಅದರಲ್ಲಿ ಅರ್ಧಕ್ಕೆ ಮೀರಿದವರು ಅರಬ್ಬೀ ಮೊದಲಾದ ಪಶ್ಚಿಮ ಏಷ್ಯ ಮತ್ತು ಉತ್ತರ ಆಫ್ರಿಕದ ಮೂಲದವರು.

ಇಂಥ ಊರಿಗೂ ಸಾರನ್ನದ ಬ್ರಾಹ್ಮಣನಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾವು ಮಗನ ಮನೆಗೆ ಹೋದಾಗ, ಹೊರಗಿನ ಅನ್ನವನ್ನು ಮುಟ್ಟೆವೆಂಬ ನಿಯಮವನ್ನು ಪೆಟ್ಟಿಗೆಯಲ್ಲಿ ಇತರ ಸಾಮಾನುಗಳೊಡನೆ ಕಟ್ಟಿಕೊಂಡೇ ಹೋಗಿದ್ದೆವು. ನಮ್ಮ ಸೊಸೆ ಬೆಳಗ್ಗೆ ಏಳು ಗಂಟೆಗೆ ಕೆಲಸಕ್ಕೆ ಹೊರಟರೆ ಸಂಜೆ ಆರಕ್ಕೆ ಮರಳುವಳು. ಬಂದವಳು ಬಟ್ಟೆ ಬದಲಿಸಿ ನಮಗೋಸ್ಕರ ಸಾರು, ಪಲ್ಯ, ಅನ್ನಗಳನ್ನು ಅಣಿಗೊಳಿಸುವಳು. ಆ ಮನೆಯಲ್ಲಿ ವಾರಕ್ಕೊಂದು ರಾತ್ರಿ ಹೊರಗೆ ಉಣ್ಣುವ ಪದ್ಧತಿ ಇದ್ದಿತು; ನಾವು ಬಂದ ಮೇಲೆ ಅದೂ ನಿಂತಿತು. ನಮ್ಮ ನಿಯಮವು ಹೀಗೆ ಐದು ವಾರ ಅಬಾಧಿತವಾಗಿ ನಡೆಯಿತು. ಒಂದು ಸಂಜೆ ಕುಕ್ಕರು ಕೂಗುತ್ತಲೇ ಇರಲು, ನಾವು ಅಡಿಗೆಮನೆಗೆ ಹೋಗಿ ನೋಡಿದೆವು. ಆಕೆ ಒಲೆಯ ಪಕ್ಕದ ಕುರ್ಚಿಯಲ್ಲಿ ಸೌಟು ಹಿಡಿದಂತೆಯೇ ನಿದ್ದೆಹೋಗಿದ್ದಳು. ಒಲೆಯನ್ನು ಆರಿಸಿ ಹಿಂದಿರುಗುವಾಗ ನಮಗೆ ಹೊಳೆಯಿತು: ನಿಯಮವು ನಮ್ಮದು, ಅದರ ಶ್ರಮವೆಲ್ಲ ಪರರದು. ತಾನು ಹೊರದ ಭಾರವನ್ನು ವ್ರತವೆಂದು ಕರೆಯುವುದು ಯಾವ ಶಾಸ್ತ್ರ?

ಮರುದಿನ, “ನೋಡಮ್ಮ, ಶನಿವಾರ ಅಡಿಗೆ ಬೇಡ. ನೀವು ಎಂದಿನಂತೆ ಹೋಗುವೆಡೆಗೆ ನಮ್ಮನ್ನೂ ಕರೆದುಕೊಂಡು ಹೋಗು” ಎಂದೆವು. ಆಕೆ ಒಂದು ಗಳಿಗೆ ನಂಬಲಿಲ್ಲ. “ಮಾವ, ನಿಮಗೆ ಸೇರುವಂಥ ಕಡೆಗೇ ಹೋಗೋಣ” ಎಂದಳು. ಹಾಗೆ ಹೋದದ್ದು ಡಿಯರ್‌ಬಾರ್ನಿನ ಒಂದು ಲೆಬನಾನ್ ಭೋಜನಗೃಹಕ್ಕೆ.

ಕುಳಿತೊಡನೆಯೇ ಬಿಸಿಬಿಸಿಯಾದ ರೊಟ್ಟಿಗಳು ಬಂದವು. ಬಡಿಸುವವರು ನಮ್ಮ ವಯಸ್ಸಿನವರೇ. ಮಾಂಸವನ್ನು ತಿನ್ನುವವರಲ್ಲವೆಂದು ಮಗನು ತಿಳಿಸಲು, ಅವರು ತಾವಾಗಿಯೇ ಅಡಿಗೆಯವರನ್ನು ವಿಚಾರಿಸಿ ಬಂದು, “ಈ ದಿನ ಈ ಅನ್ನವನ್ನು ಕೋಳಿಯ ರಸದಲ್ಲಿ ಬೇಯಿಸಿದೆ, ಇದು ನಿಮಗೆ ಬೇಡ, ದ್ರಾಕ್ಷಿಯೆಲೆಯ ಸುರುಳಿಯಲ್ಲಿ ಎರಡು ಬಗೆಯುಂಟು, ಮಾಂಸವಿಲ್ಲದ್ದನ್ನು ತರುವೆನು” ಎಂದರು. ಕೇಳದಿದ್ದರೆ ನಮಗೆ ತಿಳಿಯುತ್ತಿರಲಿಲ್ಲ; ಹೇಳದಿದ್ದರೆ ಅವರಿಗೆ ನಷ್ಟವಿರಲಿಲ್ಲ. ನಮ್ಮ ಮತವನ್ನರಿಯದ ಒಬ್ಬ ಹಿರಿಯರು ನಮ್ಮ ಆಚಾರವನ್ನು ನಮಗಿಂತ ಹೆಚ್ಚು ಎಚ್ಚರದಿಂದ ಕಾಯ್ದರು. ಅವರ ಮನೆಯಲ್ಲಿಯೂ ಇದು ಸಲ್ಲುವುದು, ಇದು ಸಲ್ಲದು ಎಂಬ ವಿಚಾರವು ಊಟದೊಡನೆ ಇರುವುದಷ್ಟೆ.

ಸಸ್ಯಾಹಾರಿಗಳಿಗೆ ಅಲ್ಲಿ ದೊರೆಯುವುದು ಕಡಮೆಯೇನಲ್ಲ. ಹಮ್ಮುಸ್ ಎಂಬುದು ಬೇಯಿಸಿದ ಕಾಬೂಲಿ ಕಡಲೆಯನ್ನು ಎಳ್ಳಿನ ಹಿಟ್ಟು, ನಿಂಬೆಯ ರಸ, ಬೆಳ್ಳುಳ್ಳಿಗಳೊಡನೆ ನುಣ್ಣಗೆ ಅರೆದದ್ದು. ಬಾಬಾ ಗನೂಜ್ ಎಂಬುದು ನಮ್ಮ ಸುಟ್ಟ ಬದನೆಕಾಯಿಯ ಗೊಜ್ಜಿನ ಜ್ಞಾತಿ. ಫಲಾಫೆಲ್ ಕಡಲೆಯ ಕರಿದ ವಡೆ. ಮುಜದ್ದರವು ಧಾನ್ಯವನ್ನೂ ಮಸೂರವನ್ನೂ ಕೂಡಿಸಿ ಬೇಯಿಸಿ, ಮೇಲೆ ಕೆಂಪಗೆ ಹುರಿದ ಈರುಳ್ಳಿ ಹರಡಿದ ಹುಗ್ಗಿ. ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಟ್ಟವರಿಗೆ ಮಾತ್ರ ಈ ಊರು ಕಷ್ಟ. ವಾರನ್ ಬೀದಿಯಲ್ಲಿರುವ ಅಲ್ ಅಮೀರ್ ಭೋಜನಗೃಹವು 1989ರಲ್ಲಿ ಆರಂಭವಾದುದು. 2016ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದವರು ತಮ್ಮ ದೇಶದ ಹಳೆಯ ಮೆಚ್ಚಿನ ಭೋಜನಗೃಹಗಳಿಗೆ ಕೊಡುವ ಗೌರವವನ್ನು ಇದಕ್ಕೆ ಕೊಟ್ಟರು. ಅದೇ ಬೀದಿಯಲ್ಲಿ 1979ರಲ್ಲಿ ಸ್ಥಾಪಿತವಾದ ಶತೀಲಾ ಮಿಠಾಯಿ ಅಂಗಡಿಯಿದೆ. ಅಲ್ಲಿಯ ಬಕ್ಲಾವವು ಪದರಪದರವಾಗಿ ನಮ್ಮ ಚಿರೋಟಿಯನ್ನು ಹೋಲುವುದು. ನಡುವೆ ಪಿಸ್ತಾ ಮೊದಲಾದುವು, ಮೇಲೆ ಸಕ್ಕರೆಯ ಪಾಕ.

ಕಾಫಿಯ ಮಾತು ಬೇರೆಯೇ ಹೇಳಬೇಕು. ಯೆಮನ್ನಿನವರ ಕಾಫಿ ಮನೆಗಳು ಈ ಊರಿನಲ್ಲಿ ಹಲವಿವೆ. ಅವುಗಳಲ್ಲೊಂದಾದ ಖಹ್ವಾ ಹೌಸ್ 2017ರಲ್ಲಿ ಇಲ್ಲಿ ಆರಂಭವಾಗಿ, ಅನಂತರ ದೇಶದ ಬೇರೆ ನಗರಗಳಿಗೂ ಹಬ್ಬಿತು. ರಾತ್ರಿ ಬಹಳ ಹೊತ್ತಿನವರೆಗೆ ತೆರೆದಿರುವ ಇಂಥ ಕಡೆ ಮಕ್ಕಳುಮರಿಗಳೊಡನೆ ಸಂಸಾರಗಳು ಕುಳಿತು ಹರಟುವುದನ್ನು ಕಂಡೆವು. ಏಲಕ್ಕಿ ಹಾಕಿದ ಹಾಲಿನ ಚಹಾ ಒಂದು. ಕಾಫಿ ಹಣ್ಣಿನ ಒಣಸಿಪ್ಪೆಯನ್ನು ಶುಂಠಿಯೊಡನೆ ಕುದಿಸಿದ ಕಿಷರ್ ಇನ್ನೊಂದು. ಅದನ್ನು ಕುಡಿಯುತ್ತ ನಮಗೆ ಚಿಕ್ಕಮಗಳೂರಿನ ನೆನಪಾಯಿತು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಮಕ್ಕಾ ಯಾತ್ರೆಯಿಂದ ಮರಳುವಾಗ ಯೆಮನ್ನಿನ ಮೋಖಾ ರೇವಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ದಿನಕ್ಕೆರಡು ಬಾರಿ ನಾವು ನಿಶ್ಶಂಕೆಯಿಂದ ಸೇವಿಸುವ ಕಾಫಿಯೇ ಅರಬ್ಬೀ ನಾಡಿನ ಪರಾನ್ನ! ನಾವು ಮೂವತ್ತು ವರ್ಷ ಶಾಲೆಯಲ್ಲಿ ಕೂಗಿದ ‘ಹಾಜರಿ’ಯೂ, ಮದುವೆಯ ಮನೆಯ ‘ಹಲ್ವ’ವೂ ಅರಬ್ಬೀ ಮೂಲದ ಶಬ್ದಗಳೇ ಆಗಿವೆ.

ಇದೇ ಊರಿನಲ್ಲಿ ಮಿಲ್ಲರ್ಸ್ ಬಾರ್ ಎಂಬ ಹಳೆಯ ಅಂಗಡಿಯುಂಟು. ಗೋಮಾಂಸದ ತಿನಿಸಿಗೆ ಹೆಸರಾದ್ದರಿಂದ ನಮ್ಮಂಥವರಿಗೆ ಅಲ್ಲಿ ಉಣಿಸಿಲ್ಲ, ಆದರೆ ಕಲಿಯತಕ್ಕುದುಂಟು. ಅಲ್ಲಿ ಬಿಲ್ಲು ಬರೆಯುವುದಿಲ್ಲ. ಉಂಡವರು ಹೊರಡುವಾಗ ತಾವು ತಿಂದದ್ದನ್ನು ತಾವೇ ಹೇಳಿ ಹಣ ತೆರುವರು. ಗಿರಾಕಿಯ ಮಾತನ್ನೇ ಲೆಕ್ಕದ ಪುಸ್ತಕವಾಗಿ ಇಟ್ಟುಕೊಂಡವರು ಇನ್ನೂ ಇರುವರೆಂಬುದು ಸಂತೋಷದ ಸಂಗತಿ.

ಹೋಗತಕ್ಕವರಿಗೆ ಕೆಲವು ಸೂಚನೆಗಳು: ಬೇಳೆಯ ಸಾರು, ಅನ್ನ ಇವುಗಳಲ್ಲಿ ಮಾಂಸದ ರಸವುಂಟೇ ಎಂದು ತಪ್ಪದೆ ಕೇಳಿರಿ, ಕೇಳಿದರೆ ಬೇಸರಪಡುವವರಿಲ್ಲ. ಒಬ್ಬರ ತಟ್ಟೆ ನಮ್ಮ ಇಬ್ಬರಿಗೆ ಸಾಕು. ಉಳಿದುದನ್ನು ಡಬ್ಬಿಯಲ್ಲಿ ಕಟ್ಟಿಸಿಕೊಂಡು ಹೋಗುವುದು ಅಲ್ಲಿ ಲಜ್ಜೆಯ ಮಾತಲ್ಲ. ಬೆಲೆಯ ಮೇಲೆ ನೂರಕ್ಕೆ 6ರ ರಾಜ್ಯ ತೆರಿಗೆಯೂ, ಬಡಿಸಿದವರಿಗೆ ನೂರಕ್ಕೆ 15ರಿಂದ 20ರವರೆಗೆ ಇನಾಮೂ ಸೇರುವುದು. ಅನೇಕ ಲೆಬನಾನ್ ಭೋಜನಗೃಹಗಳಲ್ಲಿ ಮದ್ಯವನ್ನು ಮಾರುವುದಿಲ್ಲವಾದ್ದರಿಂದ ಸಂಸಾರಸಮೇತರಾಗಿ ಹೋಗಲು ಅನುಕೂಲ. ರಂಜಾನ್ ತಿಂಗಳಿನಲ್ಲಿ ಕೆಲವು ಹಗಲು ಮುಚ್ಚಿರುವುವು. ರಾತ್ರಿಯಾದರೋ ಊರೇ ಜಾತ್ರೆಯಂತಿರುವುದು. ಸಮಯವಿದ್ದರೆ 2005ರಲ್ಲಿ ತೆರೆದ ಅರಬ್ ಅಮೆರಿಕನ್ ವಸ್ತುಸಂಗ್ರಹಾಲಯವನ್ನೂ ನೋಡಿರಿ. ಉಂಡ ಅನ್ನವು ಎಲ್ಲಿಂದ ನಡೆದು ಬಂದಿತೆಂಬುದು ಅಲ್ಲಿ ತಿಳಿಯುವುದು.

ಅಲ್ಲಿಂದ ಮುಂದೆ ನಾವಿದ್ದಷ್ಟು ದಿನವೂ ಶನಿವಾರದ ಊಟ ಹೊರಗೆ ನಡೆಯಿತು. ಮಿಕ್ಕ ದಿನಗಳಲ್ಲಿ ಸಂಜೆಯ ಅನ್ನಕ್ಕೆ ನಾವೇ ಅಕ್ಕಿ ತೊಳೆದು ಇಡುತ್ತಿದ್ದೆವು. ಅರುವತ್ತನೆಯ ವಯಸ್ಸಿನಲ್ಲಿ ಕಲಿತ ಈ ವಿದ್ಯೆಯಲ್ಲಿ ಮೊದಲ ದಿನ ಅನ್ನ ಮುದ್ದೆಯಾಯಿತು. ಸೊಸೆ ಏನೂ ಅನ್ನದೆ ಎರಡು ಸಲ ಬಡಿಸಿಕೊಂಡು ಉಂಡಳು.