ಎಲೆಯ ಹಸಿರು ನೋಡಿ ಕೆರೆಗೆ ಅಂಕ ಕೊಡಬೇಡಿ



ಬೆಂಗಳೂರಿನ ಕೆರೆಗಳನ್ನು ಉಳಿಸುವ ಹೊಣೆಯನ್ನು ನಾವೀಗ ಗಿಡಗಳ ಮೇಲೂ ಹೊರಿಸಿದ್ದೇವೆ. ಜಕ್ಕೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು ಜೊಂಡು ಬೆಳೆದ ಜೌಗನ್ನು ಹಾದು ಕೆರೆ ಸೇರುತ್ತದೆ. ಸಾರಜನಕ, ರಂಜಕಗಳನ್ನು ಅಲ್ಲಿನ ಗಿಡಗಳು ಹೀರಿಕೊಳ್ಳುತ್ತವೆ ಎಂಬ ನಂಬಿಕೆ ಸರಿಯಾದದ್ದೇ. ಆದರೆ ಅದೇ ನೀರಿನಲ್ಲಿ ತೇಲಿಬರುವ, 5 ಮಿಲಿಮೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ ಚೂರುಗಳು ಬೇರಿಗೇ ಪೆಟ್ಟು ಕೊಡಬಲ್ಲವು. ಸ್ಲೊವೇನಿಯಾದ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. ಮುಖ ತೊಳೆಯುವ ಪ್ರಸಾಧನಗಳಲ್ಲಿನ ಪಾಲಿಥಿನ್ ಕಣಗಳನ್ನು ಲೆಮ್ನಾ ಎಂಬ ಪುಟ್ಟ ತೇಲುಗಿಡದ ನೀರಿಗೆ ಬೆರೆಸಿದಾಗ ಎಲೆಯ ಬೆಳವಣಿಗೆಯಾಗಲಿ ಬಣ್ಣವಾಗಲಿ ಕೆಡಲಿಲ್ಲ, ಬೇರು ಮಾತ್ರ ಗಿಡ್ಡವಾಯಿತು. ಮೊನಚು ಅಂಚಿನ ಕಣಗಳಿದ್ದಲ್ಲಿ ಬೇರಿನ ಜೀವಕೋಶಗಳೂ ಸತ್ತವು. ದಡದಲ್ಲಿ ನಿಂತು ತಪಾಸಣೆ ಮಾಡುವವರಿಗೆ ಕಾಣುವುದು ಎಲೆಯಷ್ಟೇ.

ಬಿಸಿಲು ಏರಿದಂತೆ ಈ ಪೆಟ್ಟು ಇನ್ನಷ್ಟು ಜೋರಾಗಬಹುದು. ಪ್ಲಾಸ್ಟಿಕ್ ಕಣಗಳಿಂದ ಸಸ್ಯ ಮತ್ತು ಪಾಚಿಗಳ ದ್ಯುತಿಸಂಶ್ಲೇಷಣೆ ಶೇ 7ರಿಂದ 12ರಷ್ಟು ಕುಗ್ಗುತ್ತಿದೆ ಎಂದು 2025ರಲ್ಲಿ ಪ್ರಕಟವಾದ ಜಾಗತಿಕ ವಿಶ್ಲೇಷಣೆಯೊಂದು ಅಂದಾಜಿಸಿದೆ. ನೀರು ಬೆಚ್ಚಗಾದರೆ ಗಿಡದ ಉಸಿರಾಟದ ಖರ್ಚು ಏರುತ್ತದೆ. ಗಳಿಕೆ ಇಳಿದು ಖರ್ಚು ಏರಿದವನ ಪಾಡು ಗಿಡಕ್ಕೂ ತಪ್ಪಿದ್ದಲ್ಲ. ಜೊತೆಗೆ, ಉಸಿರಾಟಕ್ಕೆ ಬೇಕಾದ ಆಮ್ಲಜನಕವೂ ಬೆಚ್ಚಗಿನ ನೀರಿನಲ್ಲಿ ಕಡಿಮೆ: 20 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯದು ಹಿಡಿಯುವುದು ಏಳೂವರೆ.

ಪ್ರಯೋಗಾಲಯದಲ್ಲಿ ಬಳಸುವ ಪ್ಲಾಸ್ಟಿಕ್ ಪ್ರಮಾಣ ಕೆರೆಗಳಲ್ಲಿ ಇರುವುದಿಲ್ಲ ಎಂಬ ಆಕ್ಷೇಪವುಂಟು. ಎಷ್ಟೋ ಪ್ರಯೋಗಗಳ ಮಟ್ಟಿಗೆ ಅದು ನಿಜ. ಆದರೆ ಆ ಪ್ರಯೋಗಗಳಲ್ಲಿ ಗಿಡಕ್ಕೆ ಸಾಮಾನ್ಯವಾಗಿ ಒಂದೇ ಶತ್ರು. ನಮ್ಮ ಕೆರೆಯಲ್ಲಿ ಬಿಸಿ, ಮಾರ್ಜಕ, ಭಾರಲೋಹ ಎಲ್ಲವೂ ಒಟ್ಟಿಗಿವೆ, ಹೂಳಿನಲ್ಲಿ ಕಣಗಳು ವರ್ಷವರ್ಷವೂ ಶೇಖರವಾಗುತ್ತವೆ. ಸಂಸ್ಕರಣಾ ಘಟಕಗಳು ಬಹುಪಾಲು ಕಣಗಳನ್ನು ತಡೆಯುತ್ತವೆ ಎಂಬ ವಾದವೂ ಇದೆ. ತಡೆದದ್ದು ಕರಗಿಹೋಗುವುದಿಲ್ಲ, ಕೆಸರಿನಲ್ಲಿ ಉಳಿಯುತ್ತದೆ. ಆ ಕೆಸರು ಗೊಬ್ಬರವಾಗಿ ಹೊಲಕ್ಕೆ ಹೋದರೆ ಕಣಗಳೂ ಹೋಗುತ್ತವೆ. ಇನ್ನು, ಅಂತರಗಂಗೆ ಹುಲುಸಾಗಿ ಹಬ್ಬಿದೆಯಲ್ಲ ಎನ್ನುವವರಿಗೆ ಹೇಳಬೇಕಾದ್ದಿಷ್ಟೆ: ಅದು ಕೊಳಚೆಯ ಗೊಬ್ಬರ ತಿಂದು ಕೊಬ್ಬಿದ ಗಿಡ, ಕೆರೆಯ ಆರೋಗ್ಯಕ್ಕೆ ಸಾಕ್ಷಿಯಲ್ಲ.

ಕೆರೆಗಳಿಗೆ ಎ ಯಿಂದ ಇ ವರೆಗೆ ದರ್ಜೆ ಕೊಡುವ ಮಾನದಂಡಗಳಲ್ಲಿ ಕರಗಿದ ಆಮ್ಲಜನಕ, ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ), ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇವೆ, ಪ್ಲಾಸ್ಟಿಕ್ ಕಣವಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಮೊದಲ ಹೆಜ್ಜೆಯಾಗಿ ಏಪ್ರಿಲ್, ಮೇ ತಿಂಗಳಲ್ಲಿ ಜೌಗಿಗೆ ಬರುವ ಮತ್ತು ಅಲ್ಲಿಂದ ಹೊರಡುವ ನೀರನ್ನೂ ಹೂಳನ್ನೂ ಈ ಕಣಗಳಿಗಾಗಿ ಪರೀಕ್ಷಿಸಿ, ಗಿಡಗಳ ಬೇರಿನ ಉದ್ದವನ್ನೂ ಅಳೆದು, ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಲಿ.

– ಓದುಗ, ಬೆಂಗಳೂರು